ನಿದ್ರೆಯಲ್ಲಿ ನಿಲ್ಲುವ ಉಸಿರು

ಗಾಢವಾಗಿ ನಿದ್ರಿಸುವವನನ್ನು ಕುಂಭಕರ್ಣನಿಗೆ ಹೋಲಿಸುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಮನೆಯಲ್ಲಿ ಯಾರಾದರೂ ಪಕ್ಕದ ಮನೆಗೂ ಕೇಳುವಂತೆ ಗೊರಕೆ ಹೊಡೆದರೆ, "ಎಂಥ ಸುಖನಿದ್ರೆ!" ಎಂದು ಉಳಿದವರು ಅಸೂಯೆಯಿಂದಲೋ ಹಾಸ್ಯಕ್ಕೋ ನುಡಿಯುತ್ತಾರೆ. ಗೊರಕೆಯ ಸದ್ದು ಹೆಚ್ಚಿದಷ್ಟೂ ನಿದ್ರೆಯ ಆಳವೂ ಹೆಚ್ಚೆಂಬುದು ಸಾಮಾನ್ಯ ನಂಬಿಕೆ. ಆದರೆ ಅನೇಕರ ವಿಷಯದಲ್ಲಿ ಸಂಗತಿ ಇದಕ್ಕೆ ತೀರ ವಿರುದ್ಧವಾಗಿರುತ್ತದೆ. ಹಾಗೆ ಗೊರೆಯುತ್ತಿರುವವನು ನಿದ್ರೆಯನ್ನು ಸವಿಯುತ್ತಿರುವುದಿಲ್ಲ, ಉಸಿರಿಗಾಗಿ ಹೆಣಗುತ್ತಿರುತ್ತಾನೆ. ಬೆಳಗ್ಗೆ ಎದ್ದಾಗ ಆ ಹೆಣಗಾಟದ ನೆನಪು ಅವನಿಗೆ ಲವಲೇಶವೂ ಇರುವುದಿಲ್ಲ.

ಈ ಸ್ಥಿತಿಗೆ ವೈದ್ಯರು ಸ್ಲೀಪ್ ಆಪ್ನಿಯ ಎಂದು ಹೆಸರಿಟ್ಟಿದ್ದಾರೆ. ಆಪ್ನಿಯ ಎಂಬುದು ಗ್ರೀಕ್ ಮೂಲದ ಶಬ್ದ. ಉಸಿರಿಲ್ಲದಿರುವುದು ಎಂದು ಅದರ ಅರ್ಥ. ಕನ್ನಡದಲ್ಲಿ ಇದನ್ನು ನಿದ್ರಾಶ್ವಾಸಸ್ತಂಭನ ಎನ್ನಬಹುದು. ಇದರ ಒಂದು ವಿಚಿತ್ರ ಲಕ್ಷಣವನ್ನು ವಾಚಕರು ಮೊದಲೇ ಗಮನಿಸಬೇಕು. ಹಲ್ಲುನೋವು ಬಂದವನಿಗೆ ನೋವು ತಿಳಿಯುತ್ತದೆ, ಜ್ವರ ಬಂದವನಿಗೆ ಮೈ ಸುಡುವುದು ತಿಳಿಯುತ್ತದೆ. ನಿದ್ರಾಶ್ವಾಸಸ್ತಂಭನವಾದರೋ ರೋಗಿಯ ಎಚ್ಚರ ತಪ್ಪಿದ ಮೇಲೆ ಬಂದು, ಎಚ್ಚರ ಮೂಡುವ ಮೊದಲೇ ಮರೆಯಾಗುತ್ತದೆ. ಆದುದರಿಂದ ಇದನ್ನು ಕಂಡುಹಿಡಿಯಬೇಕಾದರೆ ರೋಗಿಯ ಪಕ್ಕದಲ್ಲಿ ಮಲಗಿದವರ ಕಿವಿ ಬೇಕು, ಇಲ್ಲವೆ ರಾತ್ರಿಯಿಡೀ ಎಚ್ಚತ್ತಿರುವ ಅಳತೆಯ ಉಪಕರಣಗಳು ಬೇಕು. ಈ ರೋಗದ ಸ್ವರೂಪವೇನು, ಭೌತಶಾಸ್ತ್ರದ ಯಾವ ನಿಯಮಗಳು ಇದರಲ್ಲಿ ಅಡಗಿವೆ, ಇದನ್ನು ಪತ್ತೆಮಾಡಿ ಚಿಕಿತ್ಸೆ ನಡೆಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ನೋಡೋಣ.

ಮೆತುವಾದ ಕೊಳವೆ

ಮೂಗಿನಿಂದ ಶ್ವಾಸಕೋಶದವರೆಗೆ ಗಾಳಿ ಸಾಗುವ ದಾರಿಯನ್ನು ಒಂದು ಕೊಳವೆಯೆಂದು ಭಾವಿಸೋಣ. ಈ ಕೊಳವೆಯ ಎಲ್ಲ ಭಾಗಗಳೂ ಒಂದೇ ಬಗೆಯವಲ್ಲ. ಮೇಲೆ ಮೂಗಿಗೆ ಮೂಳೆ ಮತ್ತು ಮೃದ್ವಸ್ಥಿಗಳ ಆಸರೆಯಿದೆ. ಕೆಳಗೆ ಶ್ವಾಸನಾಳಕ್ಕೆ ಕುದುರೆಲಾಳದಂತಹ ಮೃದ್ವಸ್ಥಿಯ ಉಂಗುರಗಳು ಒಂದರ ಕೆಳಗೊಂದು ಜೋಡಿಸಿದಂತಿದ್ದು, ಅದು ಎಂದೂ ಮುಚ್ಚಿಕೊಳ್ಳದಂತೆ ಕಾಯುತ್ತವೆ. ಇವೆರಡರ ನಡುವೆ, ಮೆದು ಅಂಗುಳಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿನ ಭಾಗಕ್ಕೆ ಮಾತ್ರ ಅಂತಹ ಗಟ್ಟಿಯಾದ ಆಸರೆಯಿಲ್ಲ. ಅದರ ಗೋಡೆಗಳು ಮಾಂಸಖಂಡಗಳಿಂದಾದವು. ನುಂಗುವುದಕ್ಕೂ ಮಾತನಾಡುವುದಕ್ಕೂ ಆ ಭಾಗ ನಾನಾ ಆಕಾರಗಳನ್ನು ತಳೆಯಬೇಕಾಗಿರುವುದರಿಂದ ಅದು ಮೆತುವಾಗಿರುವುದು ಅನಿವಾರ್ಯ.

ನಾವು ಉಸಿರನ್ನು ಒಳಗೆಳೆದುಕೊಳ್ಳುವಾಗ ವಪೆ ಕೆಳಕ್ಕಿಳಿದು ಎದೆಗೂಡು ಹಿಗ್ಗುತ್ತದೆ. ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಕಡಮೆಯಾಗುತ್ತದೆ. ಈ ವ್ಯತ್ಯಾಸದಿಂದಲೇ ಗಾಳಿ ಒಳನುಗ್ಗುತ್ತದೆ. ಎಂದಮೇಲೆ, ಪ್ರತಿಯೊಂದು ಉಚ್ಛ್ವಾಸದಲ್ಲಿಯೂ ಗಂಟಲಿನ ಮೆತುವಾದ ಗೋಡೆಗಳನ್ನು ಒಳಕ್ಕೆ ಸೆಳೆಯುವ ಬಲವೊಂದು ಉಂಟಾಗಿಯೇ ಆಗುತ್ತದೆ. ಎಳನೀರಿಗೆ ಹಾಕಿದ ಕಾಗದದ ಕೊಳವೆ ನೆನೆದು ಮೆತ್ತಗಾದ ಮೇಲೆ ಅದನ್ನು ಬಲವಾಗಿ ಹೀರಿದರೆ ಏನಾಗುತ್ತದೆ? ಕೊಳವೆಯ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಮುಚ್ಚಿಹೋಗುತ್ತದೆ. ಇನ್ನೂ ಬಲವಾಗಿ ಹೀರಿದರೆ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ. ನಮ್ಮ ಗಂಟಲಿಗೂ ಇದೇ ಅಪಾಯವುಂಟು.

ಎಚ್ಚರದಲ್ಲಿರುವಾಗ ಈ ಅಪಾಯದಿಂದ ನಮ್ಮನ್ನು ಕಾಯುವವು ಗಂಟಲಿನ ಸ್ನಾಯುಗಳು. ನಾಲಗೆಯನ್ನು ಮುಂದಕ್ಕೆ ಹಿಡಿದಿರುವ ಸ್ನಾಯು ಇವುಗಳಲ್ಲಿ ಮುಖ್ಯವಾದುದು. ನಿದ್ರೆ ಬಂದೊಡನೆ ಈ ಸ್ನಾಯುಗಳ ಬಿಗಿ ಸಡಿಲುತ್ತದೆ. ಅಂಗಾತ ಮಲಗಿದವನ ನಾಲಗೆಯನ್ನು ಭೂಮಿಯ ಗುರುತ್ವಾಕರ್ಷಣೆ ಹಿಂದಕ್ಕೆ, ಎಂದರೆ ಗಂಟಲಿನ ಕಡೆಗೆ ಜಗ್ಗುತ್ತದೆ. ದಾರಿ ಕಿರಿದಾಗುತ್ತದೆ. ನೇರವಾದ, ನುಣುಪಾದ ಕೊಳವೆಯಲ್ಲಿ ದ್ರವವಾಗಲಿ ಅನಿಲವಾಗಲಿ ಪದರ ಪದರವಾಗಿ ಹರಿಯುತ್ತಿರುವಾಗ, ತ್ರಿಜ್ಯ ಅರ್ಧವಾದರೆ ಅಷ್ಟೇ ಒತ್ತಡಕ್ಕೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆಂದು ಪ್ವಾಸ್ಯಿಯ ನಿಯಮ ತಿಳಿಸುತ್ತದೆ. ಗಂಟಲು ನೇರವಾದ ಗಾಜಿನ ನಳಿಕೆಯಲ್ಲವಾದುದರಿಂದ ಈ ಲೆಕ್ಕ ಅಲ್ಲಿಗೆ ಯಥಾವತ್ತಾಗಿ ಅನ್ವಯಿಸದು. ಆದರೂ ಸ್ವಲ್ಪ ಕಿರಿದಾಗುವುದರಿಂದ ಎಷ್ಟು ದೊಡ್ಡ ಅಡಚಣೆ ಉಂಟಾಗಬಲ್ಲದೆಂಬುದು ಇದರಿಂದ ಮನದಟ್ಟಾಗುತ್ತದೆ.

ಕಿರಿದಾದ ದಾರಿಯಲ್ಲಿ ರಭಸದಿಂದ ನುಗ್ಗುವ ಗಾಳಿಗೆ ಮೆದು ಅಂಗುಳೂ ಕಿರುನಾಲಗೆಯೂ ಬಾವುಟದಂತೆ ಪಟಪಟನೆ ಕಂಪಿಸುತ್ತವೆ. ಈ ಕಂಪನದ ಶಬ್ದವೇ ಗೊರಕೆ. ದಾರಿ ಪೂರ್ತಿಯಾಗಿ ಮುಚ್ಚಿದಾಗ ಶಬ್ದವೂ ನಿಲ್ಲುತ್ತದೆ. ಎಂದರೆ, ಗೊರಕೆಗಿಂತ ಗೊರಕೆಯ ನಡುವಣ ಮೌನವೇ ಹೆಚ್ಚು ಭಯಕಾರಿ ಎಂದಾಯಿತು.

ಒಂದು ರಾತ್ರಿಯ ಲೆಕ್ಕ

ದಾರಿ ಮುಚ್ಚಿದ ಮೇಲೆ ನಡೆಯುವುದನ್ನು ಹಂತಹಂತವಾಗಿ ಪರಿಶೀಲಿಸೋಣ. ಎದೆಯೂ ಹೊಟ್ಟೆಯೂ ಏರಿಳಿಯುತ್ತಲೇ ಇರುತ್ತವೆ. ಗಾಳಿ ಮಾತ್ರ ಒಳಹೋಗದು. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ಬಳಸುತ್ತದೆ. ಹೊಸ ಗಾಳಿ ಬಾರದಿರಲು ದೇಹವು ಶ್ವಾಸಕೋಶದಲ್ಲಿಯೂ ರಕ್ತದಲ್ಲಿಯೂ ಉಳಿದಿರುವ ದಾಸ್ತಾನನ್ನೇ ಖರ್ಚುಮಾಡತೊಡಗುತ್ತದೆ. ಆರೋಗ್ಯವಂತನ ಅಪಧಮನಿಯ ರಕ್ತದಲ್ಲಿ ಹೀಮೋಗ್ಲೋಬಿನ್ನಿನ ಶೇಕಡ 95ಕ್ಕೂ ಹೆಚ್ಚು ಭಾಗ ಆಮ್ಲಜನಕದಿಂದ ತುಂಬಿರುತ್ತದೆ. ಶ್ವಾಸಸ್ತಂಭನದ ಅವಧಿಯಲ್ಲಿ ಇದು 90ಕ್ಕೆ, ತೀವ್ರವಾದ ರೋಗದಲ್ಲಿ 80ಕ್ಕೆ, 70ಕ್ಕೂ ಇಳಿಯಬಹುದು. ಇಂಗಾಲದ ಡೈಆಕ್ಸೈಡು ಏರುತ್ತದೆ. ಕೊನೆಗೆ ಮೆದುಳು ಗಾಬರಿಗೊಂಡು ನಿದ್ರೆಯನ್ನು ಕ್ಷಣಕಾಲ ಮುರಿಯುತ್ತದೆ. ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ದಾರಿ ತೆರೆಯುತ್ತದೆ, ರೋಗಿ ದೊಡ್ಡ ಸದ್ದಿನೊಡನೆ ಗಾಳಿಯನ್ನು ಸೆಳೆದುಕೊಳ್ಳುತ್ತಾನೆ. ನಾಲ್ಕಾರು ಉಸಿರಾಟಗಳಾದ ಮೇಲೆ ಮತ್ತೆ ನಿದ್ರೆ, ಮತ್ತೆ ಸಡಿಲಿಕೆ, ಮತ್ತೆ ಮುಚ್ಚುವಿಕೆ. ಈ ಎಚ್ಚರಗಳು ಕೆಲವೇ ಸೆಕೆಂಡುಗಳವಾದುದರಿಂದ ನೆನಪಿನಲ್ಲಿ ಉಳಿಯುವುದಿಲ್ಲ.

ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತರೆ ಅದನ್ನು ಒಂದು ಸ್ತಂಭನವೆಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಗಣನೀಯವಾಗಿ ಕುಗ್ಗಿ, ಅದರಿಂದ ಆಮ್ಲಜನಕ ಇಳಿದರೆ ಅಥವಾ ನಿದ್ರೆ ಮುರಿದರೆ ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ನಿದ್ರೆಯ ಒಂದು ಗಂಟೆಯಲ್ಲಿ ಇಂತಹ ಘಟನೆಗಳು ಸರಾಸರಿ ಎಷ್ಟು ಎಂಬುದೇ ರೋಗದ ಸೂಚ್ಯಂಕ. ವಯಸ್ಕರಲ್ಲಿ 5ಕ್ಕಿಂತ ಕಡಮೆಯಿದ್ದರೆ ಸಾಮಾನ್ಯ. 5ರಿಂದ 15ರವರೆಗೆ ಅಲ್ಪ. 15ರಿಂದ 30ರವರೆಗೆ ಮಧ್ಯಮ. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ. ಈಗ ಒಂದು ಸಣ್ಣ ಗುಣಾಕಾರ ಮಾಡೋಣ. ಸೂಚ್ಯಂಕ 30 ಇರುವವನು 7 ಗಂಟೆ ನಿದ್ರಿಸಿದರೆ ಒಟ್ಟು 210 ಘಟನೆಗಳಾದವು. ಇವೆಲ್ಲವೂ ಪೂರ್ಣ ಸ್ತಂಭನಗಳಾಗಿದ್ದು, ಪ್ರತಿಯೊಂದೂ 20 ಸೆಕೆಂಡು ನಡೆಯಿತೆಂದು ಇಟ್ಟುಕೊಂಡರೆ ಒಟ್ಟು 4,200 ಸೆಕೆಂಡು, ಅರ್ಥಾತ್ 70 ನಿಮಿಷ. ಒಂದು ರಾತ್ರಿಯಲ್ಲಿ ಒಂದು ಗಂಟೆಗೂ ಮೀರಿ ಉಸಿರಿಲ್ಲದೆ ಕಳೆದವನು, ಬೆಳಗ್ಗೆ "ಚೆನ್ನಾಗಿ ನಿದ್ರೆ ಬಂತು" ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲನು!

ಇದರ ಪರಿಣಾಮ ಹಗಲಿನಲ್ಲಿ ಕಾಣಿಸುತ್ತದೆ. ಎದ್ದಾಗ ತಲೆನೋವು, ಬಾಯಿ ಒಣಗಿರುವುದು, ಕೆಲಸದಲ್ಲಿ ತೂಕಡಿಕೆ, ಮರೆವು, ಸಿಡುಕು ಇವು ಸಾಮಾನ್ಯ ಚಿಹ್ನೆಗಳು. ಸುತ್ತಲಿನವರು ಇವನ್ನು ಸೋಮಾರಿತನವೆಂದೋ ವಯಸ್ಸಿನ ದೋಷವೆಂದೋ ತಿಳಿಯುತ್ತಾರೆ. ಪ್ರತಿ ಸ್ತಂಭನದ ಕೊನೆಯಲ್ಲಿಯೂ ರಕ್ತದೊತ್ತಡ ಥಟ್ಟನೆ ಏರುತ್ತದೆ. ವರ್ಷಾನುಗಟ್ಟಲೆ ಹೀಗಾದಾಗ ಹಗಲಿನಲ್ಲಿಯೂ ಅದು ಏರಿಯೇ ನಿಲ್ಲಬಹುದು. ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಮಧುಮೇಹ ಇವುಗಳೊಡನೆಯೂ ಈ ರೋಗಕ್ಕೆ ಸಂಬಂಧವಿರುವುದು ಕಂಡುಬಂದಿದೆ. ಲಾರಿ ಬಸ್ಸುಗಳನ್ನು ನಡೆಸುವವರಲ್ಲಿ ಈ ತೂಕಡಿಕೆ ಅವರೊಬ್ಬರ ಪ್ರಶ್ನೆಯಾಗಿ ಉಳಿಯುವುದಿಲ್ಲ. ದಾರಿಯಲ್ಲಿರುವ ಎಲ್ಲರ ಪ್ರಾಣದ ಪ್ರಶ್ನೆಯಾಗುತ್ತದೆ.

ಇದು ಅಪರೂಪದ ರೋಗವಲ್ಲ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದಲ್ಲಿ 30ರಿಂದ 60 ವಯಸ್ಸಿನ ನೌಕರರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ವರದಿಯಂತೆ, ಪುರುಷರಲ್ಲಿ ಶೇಕಡ 24 ಹಾಗೂ ಸ್ತ್ರೀಯರಲ್ಲಿ ಶೇಕಡ 9 ಮಂದಿಯ ಸೂಚ್ಯಂಕ 5 ಅಥವಾ ಅದಕ್ಕೂ ಹೆಚ್ಚಾಗಿತ್ತು. ಮುಂಬಯಿಯ ಡಾಕ್ಟರ್ ಜರೀರ್ ಉದ್ವಾಡಿಯ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ನಗರದ ಮಧ್ಯವಯಸ್ಸಿನ ಪುರುಷರಲ್ಲಿ ಶೇಕಡ 19.5 ಮಂದಿಗೆ ಸೂಚ್ಯಂಕ ಮಿತಿಮೀರಿತ್ತು; ಅದರೊಡನೆ ಹಗಲಿನ ತೂಕಡಿಕೆಯೂ ಸೇರಿದ್ದವರು ಶೇಕಡ 7.5. ಸ್ಥೂಲಕಾಯರಿಗೆ ಮಾತ್ರ ಈ ರೋಗ ಬರುತ್ತದೆಂಬುದು ಸರಿಯಲ್ಲ. ದಪ್ಪ ಕತ್ತು ಒಂದು ಕಾರಣವಾದರೆ, ಹಿಂದೆ ಸರಿದ ಚಿಕ್ಕ ದವಡೆ ಇನ್ನೊಂದು ಕಾರಣ. ಎಂದೇ ಬಡಕಲು ದೇಹದವರಲ್ಲಿಯೂ ಇದು ಇರಬಹುದು. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಇದರ ಸಂಭವ ಹೆಚ್ಚುತ್ತದೆ. ಅವರಲ್ಲಿ ಗೊರಕೆಗಿಂತ ದಣಿವು, ತಲೆನೋವು, ನಿದ್ರೆ ಬಾರದಿರುವುದು ಮುಂತಾದ ದೂರುಗಳೇ ಮುಂದಾಗಿರುವುದುಂಟಾಗಿ, ಮನೆಯವರೂ ವೈದ್ಯರೂ ಇದನ್ನು ಶಂಕಿಸದೆಯೇ ಇರುವ ಸಂಭವವುಂಟು. ಮಕ್ಕಳಲ್ಲಿ ಬೆಳೆದ ಗಲಗ್ರಂಥಿಗಳೇ, ಅಂದರೆ ಟಾನ್ಸಿಲ್ ಮತ್ತು ಅಡಿನಾಯ್ಡ್‌ಗಳೇ ಬಹುಮಟ್ಟಿಗೆ ಇದಕ್ಕೆ ಕಾರಣ.

ಹಾಸ್ಯದಿಂದ ವಿಜ್ಞಾನಕ್ಕೆ

ಇಷ್ಟು ವ್ಯಾಪಕವಾದ ರೋಗ ವಿಜ್ಞಾನದ ಕಣ್ಣಿಗೆ ಬಿದ್ದುದು ತಡವಾಗಿ. ಇಂಗ್ಲಿಷ್ ಕಾದಂಬರಿಕಾರ ಚಾರಲ್ಸ್ ಡಿಕನ್ಸ್ 1836-37ರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಎಂಬ ಕೃತಿಯಲ್ಲಿ ಜೋ ಎಂಬ ದಡೂತಿ ಹುಡುಗನೊಬ್ಬನಿದ್ದಾನೆ; ನಿಂತಲ್ಲಿ ಕುಳಿತಲ್ಲಿ ನಿದ್ರಿಸುವುದೇ ಅವನ ಕಸುಬು. ಓದುಗರು ಅವನನ್ನು ಕಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ನಕ್ಕರು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಅವರ ಸಹೋದ್ಯೋಗಿಗಳು ಅತಿಸ್ಥೂಲತೆ, ಹಗಲು ನಿದ್ರೆ, ಮಂದವಾದ ಉಸಿರಾಟ ಇವು ಮೂರೂ ಕೂಡಿದ ರೋಗಿಯೊಬ್ಬನನ್ನು ವರ್ಣಿಸಿ, ಆ ಸ್ಥಿತಿಗೆ ಡಿಕನ್ಸನ ಕಾದಂಬರಿಯ ಹೆಸರನ್ನೇ ಇಟ್ಟರು. ಆದರೆ ಅಂತಹವರ ಉಸಿರು ನಿದ್ರೆಯಲ್ಲಿ ಪದೇ ಪದೇ ನಿಲ್ಲುತ್ತದೆಂಬ ಮುಖ್ಯ ಸಂಗತಿ ಆಗಲೂ ಬೆಳಕಿಗೆ ಬರಲಿಲ್ಲ. ಹಗಲಿನಲ್ಲಿ ಎಷ್ಟು ಪರೀಕ್ಷಿಸಿದರೂ ಅದು ಗೋಚರಿಸುವಂತಿರಲಿಲ್ಲ.

ರಾತ್ರಿಯಿಡೀ ಮೆದುಳಿನ ವಿದ್ಯುತ್ತನ್ನೂ ಉಸಿರಾಟವನ್ನೂ ಜೊತೆಜೊತೆಯಾಗಿ ಕಾಗದದ ಮೇಲೆ ದಾಖಲಿಸಿದಾಗಲೇ ಗುಟ್ಟು ರಟ್ಟಾಯಿತು. 1965ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಗಾಸ್ತೋ ಮತ್ತು ಸಂಗಡಿಗರೂ, ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಯುಂಗ್ ಮತ್ತು ಕೂಲೋ ಎಂಬುವರೂ ಬೇರೆ ಬೇರೆಯಾಗಿಯೇ ಈ ಸ್ತಂಭನಗಳನ್ನು ದಾಖಲಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ತಿಯಾಂ ಗಿಯೆಮಿನೋ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಇದನ್ನು ಸ್ವತಂತ್ರವಾದ ರೋಗವೆಂದು ನಿರೂಪಿಸಿ, ತೆಳ್ಳಗಿನವರಲ್ಲಿಯೂ ಮಕ್ಕಳಲ್ಲಿಯೂ ಇದು ಉಂಟೆಂದು ತೋರಿಸಿದರು. ಆದರೆ ಆ ದಿನಗಳಲ್ಲಿ ತೀವ್ರವಾದ ರೋಗಕ್ಕೆ ಇದ್ದ ಖಂಡಿತವಾದ ಚಿಕಿತ್ಸೆ ಒಂದೇ: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆದು, ಮುಚ್ಚಿಕೊಳ್ಳುವ ಗಂಟಲನ್ನು ಬಳಸದೆ ನೇರವಾಗಿ ಉಸಿರಾಡಿಸುವುದು.

ರೋಗವನ್ನು ಕಂಡುಹಿಡಿಯುವ ಬಗೆ

ಇಂದು ವೈದ್ಯರು ಮೊದಲು ಪ್ರಶ್ನೆಗಳಿಂದ ಆರಂಭಿಸುತ್ತಾರೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಮರ್ರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಮಾಪಕದಲ್ಲಿ ಎಂಟು ಸಂದರ್ಭಗಳಿವೆ: ಓದುತ್ತ ಕುಳಿತಿರುವಾಗ, ಊಟವಾದ ಮೇಲೆ ಸುಮ್ಮನೆ ಕುಳಿತಾಗ, ಯಾರೊಡನೆಯೋ ಮಾತನಾಡುತ್ತಿರುವಾಗ, ಹೀಗೆ. ಪ್ರತಿಯೊಂದರಲ್ಲಿಯೂ ತೂಕಡಿಕೆ ಬರುವ ಸಂಭವಕ್ಕೆ 0ಯಿಂದ 3ರವರೆಗೆ ಅಂಕಗಳು. ಒಟ್ಟು 24ರಲ್ಲಿ 10ಕ್ಕೂ ಹೆಚ್ಚು ಬಂದರೆ ಹಗಲಿನ ನಿದ್ರೆ ಮಿತಿಮೀರಿದೆಯೆಂದು ಅರ್ಥ. ವೈದ್ಯರು ಕತ್ತಿನ ಸುತ್ತಳತೆ, ದವಡೆ, ಗಂಟಲು, ಮೂಗು, ರಕ್ತದೊತ್ತಡ ಇವನ್ನು ನೋಡುತ್ತಾರೆ. ಆದರೆ ಇವೆಲ್ಲ ಶಂಕೆಯನ್ನು ಹುಟ್ಟಿಸಬಲ್ಲವೇ ಹೊರತು ತೀರ್ಪು ಕೊಡಲಾರವು. ತೀರ್ಪಿಗೆ ನಿದ್ರೆಯಲ್ಲಿಯೇ ಅಳತೆ ನಡೆಯಬೇಕು.

ನಿದ್ರಾ ಪ್ರಯೋಗಶಾಲೆಯಲ್ಲಿ ರೋಗಿ ಒಂದು ರಾತ್ರಿ ಮಲಗುತ್ತಾನೆ. ತಲೆಯ ಮೇಲಿನ ತಂತಿಗಳು ಮೆದುಳಿನ ವಿದ್ಯುತ್ತಿನಿಂದ ನಿದ್ರೆಯ ಹಂತವನ್ನು ತಿಳಿಸುತ್ತವೆ. ಕಣ್ಣಿನ ಬಳಿಯವು ಕಣ್ಣುಗುಡ್ಡೆಯ ಚಲನೆಯನ್ನೂ ಗಲ್ಲದವು ಸ್ನಾಯುವಿನ ಬಿಗಿಯನ್ನೂ ಗುರುತಿಸುತ್ತವೆ. ಮೂಗಿನ ಕೆಳಗಿನ ಸಣ್ಣ ನಳಿಕೆ ಗಾಳಿಯ ಹರಿವನ್ನು ಅಳೆಯುತ್ತದೆ. ಎದೆಗೂ ಹೊಟ್ಟೆಗೂ ಸುತ್ತಿದ ಪಟ್ಟಿಗಳು ಉಸಿರಾಟದ ಪ್ರಯತ್ನವನ್ನು ದಾಖಲಿಸುತ್ತವೆ. ಇಲ್ಲಿನ ತರ್ಕ ಸರಳವೂ ಸೊಗಸೂ ಆಗಿದೆ. ಮೂಗಿನ ಗೆರೆ ಚಪ್ಪಟೆಯಾಗಿದ್ದು ಎದೆಯ ಗೆರೆ ಏರಿಳಿಯುತ್ತಿದ್ದರೆ ಪ್ರಯತ್ನವುಂಟು, ಗಾಳಿಯಿಲ್ಲ. ಎಂದರೆ ದಾರಿ ಮುಚ್ಚಿದೆ. ಎರಡು ಗೆರೆಗಳೂ ಚಪ್ಪಟೆಯಾಗಿದ್ದರೆ ದಾರಿಯ ದೋಷವಲ್ಲ. ಉಸಿರಾಡೆಂಬ ಆಜ್ಞೆಯೇ ಮೆದುಳಿನಿಂದ ಬರುತ್ತಿಲ್ಲ. ಎರಡನೆಯ ಬಗೆ ವಿರಳ. ಅದರ ಚಿಕಿತ್ಸೆಯೂ ಬೇರೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡಿದ್ದಾರೆ. ಇದರ ತತ್ತ್ವವನ್ನು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1974ರಲ್ಲಿ ಮಂಡಿಸಿದರು. ಆಮ್ಲಜನಕವನ್ನು ಹೊತ್ತ ಹೀಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಮೆಯಾಗಿಯೂ ಅವರಕ್ತ ಕಿರಣವನ್ನು ಹೆಚ್ಚಾಗಿಯೂ ಹೀರುತ್ತದೆ. ಹೊರದಿರುವುದು ಇದಕ್ಕೆ ವಿರುದ್ಧ. ಆದುದರಿಂದ ಸುಮಾರು 660 ಮತ್ತು 940 ನ್ಯಾನೊಮೀಟರ್ ತರಂಗಾಂತರದ ಎರಡು ಕಿರಣಗಳನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಬೇರ್ಪಡಿಸಿ ಹೋಲಿಸಿದರೆ, ಅಪಧಮನಿಯ ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣ ತಿಳಿಯುತ್ತದೆ. ಆದರೆ ಹಗಲಿನಲ್ಲಿ ಒಮ್ಮೆ ಬೆರಳಿಗೆ ಹಾಕಿ, 97 ತೋರಿತೆಂದು ನಿಶ್ಚಿಂತರಾಗುವುದು ಸಲ್ಲದು. ಎಚ್ಚತ್ತಿರುವ ರೋಗಿಗೆ ಸಾಮಾನ್ಯವಾಗಿ ಅಷ್ಟೇ ಬರುತ್ತದೆ.

ಇಂತಹ ಪ್ರಯೋಗಶಾಲೆಗಳು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸೇರಿದಂತೆ ನಮ್ಮ ನಾಡಿನ ದೊಡ್ಡ ಆಸ್ಪತ್ರೆಗಳಲ್ಲಿವೆ. ಸಂಶಯ ಬಲವಾಗಿದ್ದು ಬೇರೆ ತೊಡಕುಗಳಿಲ್ಲದಿದ್ದರೆ, ಕೆಲವೇ ಅಳತೆಗಳ ಚಿಕ್ಕ ಉಪಕರಣವನ್ನು ಕಟ್ಟಿಕೊಂಡು ಮನೆಯಲ್ಲಿಯೇ ಮಲಗಿ ಪರೀಕ್ಷಿಸಿಕೊಳ್ಳುವ ಏರ್ಪಾಡೂ ಉಂಟು. ಶ್ವಾಸಕೋಶ ತಜ್ಞರನ್ನಾಗಲಿ, ಕಿವಿ-ಮೂಗು-ಗಂಟಲಿನ ತಜ್ಞರನ್ನಾಗಲಿ ಮೊದಲು ಕಾಣಬಹುದು.

ಗಾಳಿಯ ಆಸರೆ

ಈಗ ಚಿಕಿತ್ಸೆಯ ವಿಚಾರ. 1980ರ ಜೂನ್ ತಿಂಗಳಿನಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರ ಬಳಿಗೆ ತೀವ್ರವಾದ ಶ್ವಾಸಸ್ತಂಭನದ ರೋಗಿಯೊಬ್ಬನು ಬಂದಿದ್ದನು. ಕತ್ತಿಗೆ ರಂಧ್ರ ಕೊರೆಸಿಕೊಳ್ಳಬೇಕೆಂದು ಅವನಿಗೆ ಸಲಹೆ ದೊರೆತಿತ್ತು. ಬೇರೆ ಉಪಾಯವಿದ್ದರೆ ಪ್ರಯತ್ನಿಸಲು ಅವನು ಒಪ್ಪಿದನು. ಮೆತುವಾದ ಕೊಳವೆ ಒಳಗಿನ ಒತ್ತಡ ಇಳಿದುದರಿಂದ ಕುಸಿಯುವುದಾದರೆ, ಒಳಗಿನ ಒತ್ತಡವನ್ನು ಸ್ವಲ್ಪ ಏರಿಸಿ ಅದನ್ನು ಏಕೆ ಎತ್ತಿಹಿಡಿಯಬಾರದು? ಸಲಿವನ್ನರು ಗಾಳಿಯೂದುವ ಯಂತ್ರವನ್ನು ಕೊಳವೆಯ ಮೂಲಕ ಮೂಗಿನ ಮುಖವಾಡಕ್ಕೆ ಜೋಡಿಸಿದರು. ಉಸಿರು ಸರಾಗವಾಯಿತು, ರೋಗಿ ಗಾಢ ನಿದ್ರೆಗೆ ಇಳಿದನು. ಒತ್ತಡವನ್ನು ಇಳಿಸಿದರೆ ಸ್ತಂಭನ ಮರಳುತ್ತಿತ್ತು, ಏರಿಸಿದರೆ ಮಾಯವಾಗುತ್ತಿತ್ತು. ಐವರು ರೋಗಿಗಳ ಮೇಲೆ ನಡೆಸಿದ ಈ ಪ್ರಯೋಗದ ವರದಿ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಬಳಸಿದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಇದೇ ಇಂದಿನ ಸಿ-ಪ್ಯಾಪ್, ಎಂದರೆ ಎಡೆಬಿಡದೆ ಧನ ಒತ್ತಡ ನೀಡುವ ಯಂತ್ರ.

ಈ ಒತ್ತಡ ಎಷ್ಟು ಅಲ್ಪವೆಂಬುದನ್ನು ನೋಡಿ. 10 ಸೆಂಟಿಮೀಟರ್ ನೀರು ಎಂದರೆ ಸುಮಾರು 980 ಪ್ಯಾಸ್ಕಲ್. ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲು. ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಯು ಆಕಾರದ ನಳಿಕೆಗೆ ನೀರು ತುಂಬಿ ಒಂದು ತುದಿಯಲ್ಲಿ ಮೆಲ್ಲನೆ ಊದಿದರೆ ಎರಡು ಮಟ್ಟಗಳ ನಡುವೆ ಈ ಅಂತರವನ್ನು ಯಾರು ಬೇಕಾದರೂ ತರಬಹುದು. ಹಾಗಾದರೆ ಒಂದು ಪ್ರಶ್ನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮಂಗಳೂರಿಗೆ ಇಳಿದುಬಂದವನ ಸುತ್ತಲಿನ ವಾಯುವಿನ ಒತ್ತಡ ಸುಮಾರು 100 ಸೆಂಟಿಮೀಟರ್ ನೀರಿನಷ್ಟು, ಎಂದರೆ ಮುಖವಾಡದ ಒತ್ತಡದ ಹತ್ತರಷ್ಟು ಹೆಚ್ಚುತ್ತದೆ. ಆದರೂ ಅವನ ಗೊರಕೆ ನಿಲ್ಲದು. ಏಕೆ? ಅಲ್ಲಿ ಒತ್ತಡ ಗಂಟಲಿನ ಒಳಗೂ ದೇಹದ ಹೊರಗೂ ಸಮನಾಗಿ ಏರಿತು. ಗೋಡೆಯನ್ನು ಎತ್ತಿಹಿಡಿಯುವುದು ಒತ್ತಡವಲ್ಲ, ಒಳಹೊರಗಿನ ಒತ್ತಡಗಳ ವ್ಯತ್ಯಾಸ. ಮುಖವಾಡ ಒಳಗಿನದನ್ನು ಮಾತ್ರ ಏರಿಸುತ್ತದೆ; ಕತ್ತಿನ ಹೊರಗೆ ಹಿಂದಿನ ಒತ್ತಡವೇ ಇರುತ್ತದೆ. ಚಪ್ಪಟೆಯಾದ ಸೈಕಲ್ ಟ್ಯೂಬು ಸ್ವಲ್ಪ ಗಾಳಿ ತುಂಬಿದೊಡನೆ ಗುಂಡಗಾಗುವಂತೆ ಗಂಟಲೂ ತೆರೆದುಕೊಳ್ಳುತ್ತದೆ. ಆರೋಗ್ಯವಂತನ ಗಂಟಲು ಕುಸಿಯಬೇಕಾದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹಲವು ಸೆಂಟಿಮೀಟರ್ ಇಳಿಯಬೇಕು. ತೀವ್ರ ರೋಗಿಯ ಗಂಟಲಾದರೋ ಒಳಹೊರಗಿನ ಒತ್ತಡಗಳು ಸಮವಾಗಿದ್ದಾಗಲೇ ಕುಸಿಯಬಲ್ಲದು. ಈ ಕೊರತೆಯನ್ನು ತುಂಬಿಕೊಡುವುದಷ್ಟೇ ಯಂತ್ರದ ಕೆಲಸ. ಅದು ರೋಗಿಗಾಗಿ ಉಸಿರಾಡುವುದಿಲ್ಲ. ಅದು ಆಮ್ಲಜನಕದ ಸಿಲಿಂಡರೂ ಅಲ್ಲ. ಕೋಣೆಯ ಗಾಳಿಯನ್ನೇ ಸೋಸಿ ಊದುತ್ತದೆ. ಮುಖವಾಡದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಬಿಟ್ಟ ಉಸಿರು ಕೊಚ್ಚಿಹೋಗುತ್ತದೆ.

ಯಂತ್ರದೊಡನೆ ಬಾಳುವೆ

ತತ್ತ್ವ ಸರಳವಾದರೂ ಬಳಕೆ ಮೊದಮೊದಲು ಸುಲಭವಲ್ಲ. ಮುಖಕ್ಕೆ ಪಟ್ಟಿ ಬಿಗಿದು, ಮೂಗಿಗೆ ಗಾಳಿ ನುಗ್ಗುತ್ತಿರುವಾಗ ನಿದ್ರಿಸುವುದನ್ನು ಹೊಸದಾಗಿ ಕಲಿಯಬೇಕು. ಮೂಗು ಒಣಗುತ್ತದೆ, ಮುಖವಾಡದ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ತಾಗುತ್ತದೆ, ಮನೆಯವರ ಮುಂದೆ ನಾಚಿಕೆಯೂ ಆಗಬಹುದು. ಅನೇಕರು ಮೊದಲ ವಾರದಲ್ಲಿಯೇ ಯಂತ್ರವನ್ನು ಅಟ್ಟಕ್ಕೇರಿಸುತ್ತಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಗಾಳಿಗೆ ತೇವ ಸೇರಿಸುವ ನೀರಿನ ಪೆಟ್ಟಿಗೆಯನ್ನು ಯಂತ್ರಕ್ಕೆ ಜೋಡಿಸಬಹುದು. ಮುಖದ ಅಳತೆಗೆ ಒಪ್ಪುವ ಬೇರೆ ಮುಖವಾಡವನ್ನು ಆರಿಸಬಹುದು. ಹಗಲಿನಲ್ಲಿ ಪತ್ರಿಕೆ ಓದುತ್ತ ಅರ್ಧ ಗಂಟೆ ಧರಿಸಿ ರೂಢಿಮಾಡಿಕೊಳ್ಳಬಹುದು. ವಿದ್ಯುತ್ತು ಹೋದರೆ ಉಸಿರು ಕಟ್ಟೀತೇ ಎಂಬ ಭಯ ಸಹಜ. ಮೂಗುಬಾಯಿಗಳೆರಡನ್ನೂ ಮುಚ್ಚುವ ಮುಖವಾಡಗಳಲ್ಲಿ ಯಂತ್ರ ನಿಂತೊಡನೆ ಹೊರಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ವಿದ್ಯುತ್ತು ಪದೇ ಪದೇ ಹೋಗುವ ಊರುಗಳಲ್ಲಿ ಇನ್‌ವರ್ಟರ್ ಇಲ್ಲವೆ ಬ್ಯಾಟರಿಯ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಕನಸುಗಳ ಹಂತದ ನಿದ್ರೆಯಲ್ಲಿ ಸ್ನಾಯುಗಳು ಅತ್ಯಂತ ಸಡಿಲವಾಗಿರುತ್ತವೆ. ಆ ಹಂತದ ಹೆಚ್ಚಿನ ಪಾಲು ರಾತ್ರಿಯ ಕೊನೆಯ ಭಾಗದಲ್ಲಿ ಬರುತ್ತದೆ. ಆದುದರಿಂದ ಮಧ್ಯರಾತ್ರಿ ಕಳೆದ ಮೇಲೆ ಮುಖವಾಡವನ್ನು ಕಿತ್ತಿಡುವವನು, ಮಳೆ ಬಿರುಸಾಗುವ ಹೊತ್ತಿಗೆ ಸರಿಯಾಗಿ ಕೊಡೆ ಮಡಿಸಿದಂತಾಗುತ್ತದೆ.

ಚಿಕಿತ್ಸೆಯ ಫಲದ ಬಗೆಗೂ ಉತ್ಪ್ರೇಕ್ಷೆ ಬೇಡ. ಹೃದಯ ಅಥವಾ ಮೆದುಳಿನ ರಕ್ತನಾಳಗಳ ರೋಗವಿದ್ದ 2,717 ಮಂದಿಯ ಮೇಲೆ ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಯಂತ್ರ ಬಳಸಿದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಮೆಯಾದುದು ಕಂಡುಬರಲಿಲ್ಲ. ಅವರು ಸರಾಸರಿ ಬಳಸಿದ್ದು ರಾತ್ರಿಗೆ 3.3 ಗಂಟೆ ಮಾತ್ರ ಎಂಬುದನ್ನೂ ಗಮನಿಸಬೇಕು. ಆದರೆ ಅವರ ಹಗಲಿನ ತೂಕಡಿಕೆ ಇಳಿಯಿತು. ಮನಸ್ಸಿನ ಸ್ಥಿತಿಯೂ ಜೀವನದ ನೆಮ್ಮದಿಯೂ ಸುಧಾರಿಸಿದವು.

ಯಂತ್ರವೊಂದೇ ದಾರಿಯಲ್ಲ. ಸ್ಥೂಲಕಾಯರು ತೂಕ ಇಳಿಸಿದರೆ ರೋಗ ತಗ್ಗುತ್ತದೆ. ಸ್ಥೂಲಕಾಯವುಳ್ಳ ಮಧ್ಯಮ ಮತ್ತು ತೀವ್ರ ರೋಗಿಗಳಿಗಾಗಿ ಟಿರ್ಜೆಪಟೈಡ್ ಎಂಬ ಔಷಧಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಗಾತ ಮಲಗಿದಾಗ ಮಾತ್ರ ಉಸಿರು ನಿಲ್ಲುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸ ನೆರವಾಗುತ್ತದೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಮಕ್ಕಳಲ್ಲಿ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗುತ್ತದೆ. ಮದ್ಯ ಹಾಗೂ ನಿದ್ರೆಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುವುದರಿಂದ ಈ ರೋಗಿಗಳಿಗೆ ಅಪಾಯಕಾರಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ನೀಡುವ ವೈದ್ಯರಿಗೆ ಈ ರೋಗದ ವಿಷಯವನ್ನು ತಪ್ಪದೆ ತಿಳಿಸಬೇಕು.

ವಿದ್ಯಾರ್ಥಿಗಳು ಮಾಡಬಹುದಾದುದು

ಪರೀಕ್ಷೆಯ ದಿನಗಳಲ್ಲಿ ರಾತ್ರಿ ಬಹಳ ಹೊತ್ತು ಎಚ್ಚತ್ತು ಓದುವ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಬೇರಾರಿಗೂ ಇಲ್ಲದ ಒಂದು ಅವಕಾಶವುಂಟು. ತಂದೆಯೋ ತಾಯಿಯೋ ಅಜ್ಜನೋ ಗೊರಕೆ ಹೊಡೆಯುತ್ತಿರುವುದು ಕೇಳಿಬಂದರೆ ಒಂದು ಕಾಲು ಗಂಟೆ ಕಿವಿಗೊಟ್ಟು ಕೇಳಿರಿ. ಗೊರಕೆ ಒಂದೇ ಸಮನಾಗಿ ನಡೆದಿದೆಯೆ, ಇಲ್ಲವೆ ನಡುನಡುವೆ ನಿಲ್ಲುತ್ತದೆಯೆ? ನಿಂತಾಗ ಎದೆ ಏರಿಳಿಯುತ್ತಿದೆಯೆ? ಮೌನ ಎಷ್ಟು ಸೆಕೆಂಡು ನಡೆಯಿತು? ಅದು ಗಕ್ಕನೆ ಉಸಿರೆಳೆಯುವ ಸದ್ದಿನಿಂದ ಮುಗಿಯಿತೆ? ಗಡಿಯಾರ ನೋಡಿ ಬರೆದಿಡಿರಿ. ಗೊರಕೆ ಹೊಡೆಯುವವರೆಲ್ಲರಿಗೂ ಈ ರೋಗವಿರುವುದಿಲ್ಲ. ನೀವು ಬರೆದಿಟ್ಟ ಅಂಕಿಗಳು ರೋಗನಿರ್ಣಯವೂ ಅಲ್ಲ. ಆದರೆ "ನನಗೇನೂ ಆಗಿಲ್ಲ, ನಾನು ಚೆನ್ನಾಗಿಯೇ ನಿದ್ರೆ ಮಾಡುತ್ತೇನೆ" ಎನ್ನುವ ಹಿರಿಯರನ್ನು ವೈದ್ಯರ ಬಳಿಗೆ ಒಯ್ಯಲು ಅಷ್ಟು ಸಾಕ್ಷ್ಯ ಸಾಕು. ಅವರು ಸುಳ್ಳಾಡುತ್ತಿಲ್ಲ, ಆ ಹೊತ್ತಿನಲ್ಲಿ ಏನು ನಡೆಯಿತೆಂದು ಹೇಳಲು ಅವರು ಎಚ್ಚರವಾಗಿರಲಿಲ್ಲ. ನೀವು ಎಚ್ಚರವಾಗಿದ್ದಿರಿ. ವೈದ್ಯರು ಮೊದಲು ಕೇಳಬೇಕಾದ ಮಾತು ನಿಮ್ಮದು.